ಉಪಕಾರಸ್ಮರಣೆಯೂ ಸ್ನೇಹವೂ: ಬೆಟ್ಟದ ದಾರಿಯಲ್ಲೊಂದು ಚಿಂತನೆ

ನಮ್ಮ ಹಳ್ಳಿಗಾಡಿನ ಬಾಳಿನಲ್ಲಿ 'ಧನ್ಯವಾದ' ಎಂಬ ಮಾತಿಗೆ ಅಷ್ಟಾಗಿ ಸ್ಥಾನವಿಲ್ಲ. ಸಭೆ ಸಮಾರಂಭಗಳ ಕೊನೆಯಲ್ಲಿ ವಂದನಾರ್ಪಣೆ ಎಂಬುದೊಂದು ಇರುತ್ತದೆ. ಆ ಹೊತ್ತಿಗೆ ಸಭಿಕರಲ್ಲಿ ಅರ್ಧದಷ್ಟು ಮಂದಿ ಎದ್ದು ಊಟದ ಪಂಕ್ತಿಯತ್ತ ಹೊರಟಿರುತ್ತಾರೆ. ಮನೆಯೊಳಗಂತೂ ಆ ಮಾತು ಕೇಳಿಬರುವುದೇ ಇಲ್ಲ. ತಾಯಿ ಅನ್ನ ಬಡಿಸಿದಾಗ ಮಗನು ಎದ್ದುನಿಂತು ಧನ್ಯವಾದ ಸಲ್ಲಿಸಿದರೆ, ಹುಡುಗನಿಗೆ ಏನಾಯಿತೋ ಎಂದು ಆಕೆ ಗಾಬರಿಗೊಂಡಾಳು. ನೆರೆಮನೆಯವರು ಹಲಸಿನ ಸೊಳೆ ತುಂಬಿದ ಪಾತ್ರೆಯನ್ನು ತಂದುಕೊಟ್ಟರೆ ನಾವು ಬಾಯುಪಚಾರ ಮಾಡುವುದಿಲ್ಲ. ಆದರೆ ಆ ಪಾತ್ರೆ ಬರಿದಾಗಿ ಹಿಂದಿರುಗುವುದೂ ಇಲ್ಲ. ನಾಲ್ಕು ದಿನ ಕಳೆದ ಮೇಲೆ ಒಂದು ಕಟ್ಟು ಬಸಳೆಯೋ, ನಾಲ್ಕು ಹಪ್ಪಳವೋ ಅದರೊಳಗೆ ಕುಳಿತು ಹೋಗುತ್ತದೆ. ಅಂದೇ ಕೊಟ್ಟರೂ ಚೆನ್ನಲ್ಲ, ಅಷ್ಟೇ ಅಳತೆಯಲ್ಲಿ ಕೊಟ್ಟರೂ ಚೆನ್ನಲ್ಲ. ಇದು ಹಿರಿಯರು ಯಾವ ಪುಸ್ತಕದಲ್ಲಿಯೂ ಬರೆದಿಡದೆ ಪಾಲಿಸಿಕೊಂಡು ಬಂದ ಕ್ರಮ.

ಹಾಗಾದರೆ ಸ್ನೇಹಿತನು ಮಾಡಿದ ಉಪಕಾರವನ್ನು ನಾವು ಏನು ಮಾಡಬೇಕು? ಬಾಯಿಬಿಟ್ಟು ಹೇಳಬೇಕೆ? ಬೇಗನೆ ತೀರಿಸಿಬಿಡಬೇಕೆ? ಸ್ನೇಹದಲ್ಲಿ ಇಂಥದೆಲ್ಲ ಇದ್ದದ್ದೇ ಎಂದು ಮರೆತುಬಿಡಬಹುದೆ? ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಇದಕ್ಕೆ ತಪ್ಪು ಉತ್ತರ ಕೊಟ್ಟುಕೊಂಡು ನಾವು ಒಬ್ಬ ಒಳ್ಳೆಯ ಗೆಳೆಯರನ್ನು ಮೂವತ್ತಕ್ಕೂ ಮಿಕ್ಕಿ ವರ್ಷ ದೂರ ಮಾಡಿಕೊಂಡಿದ್ದೆವು. ಆ ತಪ್ಪು ಅರಿವಿಗೆ ಬಂದುದು ಎಪ್ಪತ್ತು ದಾಟಿದ ಮೇಲೆ, ಒಂದು ಬೆಟ್ಟವನ್ನು ಹತ್ತಿ ಇಳಿದ ದಿನ. ಸಂಘದ ಬಂಧುಗಳಲ್ಲಿ ಅದನ್ನು ಹಂಚಿಕೊಳ್ಳುವುದು ಯೋಗ್ಯವೆಂದು ತೋರಿದ್ದರಿಂದ ಈ ಬರವಣಿಗೆ.

ಮೊದಲು ಹಳೆಯ ಕಥೆಯನ್ನು ಹೇಳಬೇಕು. 1986ರಲ್ಲಿ ನಾವು ಕಾಸರಗೋಡಿನ ಒಳನಾಡಿನ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ ಅಧ್ಯಾಪಕರಾಗಿದ್ದೆವು. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರೊಬ್ಬರು ನಮ್ಮ ಆಪ್ತರು. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ಕಾಫಿ ಕುಡಿದು, ಒಂದಷ್ಟು ಹೊತ್ತು ಯಕ್ಷಗಾನದ ಅರ್ಥಗಾರಿಕೆಯ ಗುಣದೋಷಗಳನ್ನು ಚರ್ಚಿಸಿ, ಕತ್ತಲಾದ ಮೇಲೆ ಟಾರ್ಚು ಹಿಡಿದು ಅವರು ಮನೆಗೆ ಹೋಗುವುದು ಪದ್ಧತಿಯಾಗಿತ್ತು. ಆ ವರ್ಷ ನಮ್ಮ ಮನೆಯವರಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂತು. ಕೈಯಲ್ಲಿ ಹಣವಿರಲಿಲ್ಲ. ನಾವು ಯಾರಲ್ಲಿಯೂ ಕೇಳಿರಲೂ ಇಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಮಾಸ್ತರರು ಆಸ್ಪತ್ರೆಗೆ ಬಂದರು. ಖಾಕಿ ಲಕೋಟೆಯೊಂದನ್ನು ನಮ್ಮ ಅಂಗಿಯ ಕಿಸೆಯಲ್ಲಿ ಇಟ್ಟು, "ಹತ್ತನೆಯ ತರಗತಿಯ ಪಾಠ ನಾನು ನೋಡಿಕೊಳ್ಳುತ್ತೇನೆ, ನೀವು ಇಲ್ಲಿಯೇ ಇರಿ" ಎಂದು ಹೇಳಿ ಸಂಜೆಯ ಬಸ್ಸಿಗೆ ಮರಳಿದರು. ಲಕೋಟೆಯಲ್ಲಿ ಎರಡು ಸಾವಿರ ರೂಪಾಯಿಗಳಿದ್ದವು. ಅದು ಆ ಕಾಲದ ಅಧ್ಯಾಪಕನಿಗೆ ಸಣ್ಣ ಮೊತ್ತವಲ್ಲ.

ಮನೆಯವರು ಗುಣಮುಖರಾದರು. ಆದರೆ ಆ ಎರಡು ಸಾವಿರ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಯಾರಲ್ಲಿಯೂ ಒಂದು ಪೈಸೆ ಬಾಕಿ ಇಡಬಾರದೆಂದು ತಂದೆಯವರು ಕಲಿಸಿದ್ದರು. ಅದನ್ನು ನಾವು ಒಂದು ಸದ್ಗುಣವೆಂದೇ ತಿಳಿದಿದ್ದೆವು. ಏಳು ತಿಂಗಳಲ್ಲಿ ಹಣ ಒಟ್ಟುಮಾಡಿ, ಶೇಕಡಾ 12ರ ದರದಲ್ಲಿ ಬಡ್ಡಿ ಲೆಕ್ಕ ಹಾಕಿ, ಅಸಲು 2,000, ಬಡ್ಡಿ 140, ಒಟ್ಟು 2,140 ಎಂದು ಒಂದು ಚೀಟಿಯಲ್ಲಿ ಬರೆದು, ಹಣದೊಂದಿಗೆ ಅದನ್ನೂ ಇಟ್ಟು ಮಾಸ್ತರರಿಗೆ ಕೊಟ್ಟೆವು. ಅವರು ಚೀಟಿಯನ್ನು ಒಮ್ಮೆ ಓದಿದರು. "ಲೆಕ್ಕ ಸರಿಯಾಗಿದೆ" ಎಂದರು. ಲಕೋಟೆಯನ್ನು ಕಿಸೆಗೆ ಹಾಕಿಕೊಂಡು ತರಗತಿಗೆ ಹೋದರು.

ಜಗಳವೇನೂ ನಡೆಯಲಿಲ್ಲ. ಸಂಜೆಯ ಕಾಫಿಗೆ ಅವರು ಬರುವುದು ಮಾತ್ರ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. "ಬಡ್ಡಿ ಕೊಡುವಷ್ಟು ದೂರದವರೇ ಅವರು?" ಎಂದು ನಮ್ಮ ಮನೆಯವರು ಕೇಳಿದ್ದುಂಟು. ವ್ಯವಹಾರ ವ್ಯವಹಾರವೇ ಎಂದು ನಾವು ಅವರ ಬಾಯಿ ಮುಚ್ಚಿಸಿದೆವು. ಎರಡು ವರ್ಷಗಳಲ್ಲಿ ಮಾಸ್ತರರಿಗೆ ಬೇರೆ ಶಾಲೆಗೆ ವರ್ಗವಾಯಿತು. ಅನಂತರ ಮದುವೆ ಮುಂಜಿಗಳಲ್ಲಿ ಕಂಡರೆ ಕುಶಲ ಪ್ರಶ್ನೆ, ಅಷ್ಟೆ. ಪ್ರಶ್ನೆ ಕೇಳಿದ ಆಕೆ ಈಗ ಇಲ್ಲ. ಉತ್ತರ ಈಗ ತಿಳಿದಿದೆ.

ಕಳೆದ ತುಲಾ ಮಾಸದಲ್ಲಿ ನಮ್ಮ ಸಂಘದ ವತಿಯಿಂದ ರಾಣಿಪುರಕ್ಕೆ ಒಂದು ಚಾರಣ ಏರ್ಪಾಡಾಯಿತು. ಹೊಸದುರ್ಗ ಎಂದು ನಾವು ಕರೆಯುವ ಕಾಞಂಗಾಡಿನಿಂದ ಮೂಡಲಿಗೆ ಸುಮಾರು 48 ಕಿಲೋಮೀಟರ್ ದೂರದಲ್ಲಿರುವ ಈ ಬೆಟ್ಟಕ್ಕೆ ಮೊದಲು ಮಾಡತ್ತುಮಲೆ ಎಂಬ ಹೆಸರಿತ್ತು. ಇದರ ಆಚೆಗೆ ಕೊಡಗಿನ ತಲಕಾವೇರಿ ಅಭಯಾರಣ್ಯದ ಕಾಡುಗಳು. ಇಪ್ಪತ್ತಮೂರು ಮಂದಿ ಹೊರಟೆವು. ಐದು ಮಂದಿ ಎಪ್ಪತ್ತು ದಾಟಿದವರು, ಉಳಿದವರು ಸಂಘದ ಕುಟುಂಬಗಳ ಗಂಡಸರು, ಹೆಂಗಸರು, ಕಾಲೇಜಿಗೆ ಹೋಗುವ ಮಕ್ಕಳು. ಬೆಳಗ್ಗೆ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಗಣಿತದ ಮಾಸ್ತರರು ಕುಳಿತಿದ್ದರು. ಮೊಮ್ಮಗಳ ಒತ್ತಾಯಕ್ಕೆ ಬಂದಿದ್ದರಂತೆ. "ಹೋ, ಮಾಷ್ಟ್ರು ಬಂದಿದ್ದಾರೆ" ಎಂದರು. ನಾವೂ ಹಾಗೆಯೇ ಅಂದೆವು. ರಾಜಪುರ, ಪನತ್ತಡಿ ದಾಟುವವರೆಗೂ ಬೇರೆ ಮಾತು ಹೊರಡಲಿಲ್ಲ.

ಬೆಟ್ಟದ ಬುಡದಲ್ಲಿ ದಾರಿ ತೋರಿಸಲು ಬಂದ ಕಾವಲುಗಾರ ಮಲಯಾಳಿ. ಅವನು ಹೇಳಿದ ಮೊದಲ ನಿಯಮವೇ ನಮಗೆ ಸ್ವಾರಸ್ಯವಾಗಿ ಕಂಡಿತು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಬೇಕು, ಕಾಲಲ್ಲಿ ಬಲವುಳ್ಳವರು ಹಿಂದೆ. ಇಲ್ಲದಿದ್ದರೆ ಬಲಶಾಲಿಗಳು ಮುಂದೆ ಓಡಿಹೋಗುತ್ತಾರೆ, ಮುದುಕರು ಕಾಡಿನಲ್ಲಿ ಒಂಟಿಯಾಗುತ್ತಾರೆ, ಆನೆಗಳು ಓಡಾಡುವ ಜಾಗ ಬೇರೆ. ಹೀಗಾಗಿ ಮುಖ್ಯೋಪಾಧ್ಯಾಯರಾಗಿ ಹದಿಮೂರು ವರ್ಷ ಎಲ್ಲ ಮೆರವಣಿಗೆಗಳ ಮುಂದೆ ನಡೆದ ನಾವು ಅಂದೂ ಮುಂದೆಯೇ ನಡೆದೆವು. ಕಾರಣ ಮಾತ್ರ ಬೇರೆ.

ಹತ್ತುವ ದಾರಿ ಮೊದಲು ಶೋಲಾ ಕಾಡಿನೊಳಗೆ ಹೋಗುತ್ತದೆ. ಬೆಟ್ಟದ ಮಡಿಲುಗಳಲ್ಲಿ ಒತ್ತಾಗಿ ಬೆಳೆದ, ಎತ್ತರಕ್ಕೆ ಹೋಗದ ನಿತ್ಯಹರಿದ್ವರ್ಣದ ಮರಗಳು. ಅವುಗಳ ಬುಡದ ಮಣ್ಣು ಹಂಜಿಯಂತೆ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗಳಿಗೆ ಬಿಡುತ್ತದೆ. ಕಾಡು ಮುಗಿದೊಡನೆ ಹುಲ್ಲುಗಾವಲು. ಅಲ್ಲಲ್ಲಿ ಇಂಬಳಗಳು ಕಾಲಿಗೆ ಹತ್ತಿದಾಗ ಹೆಂಗಸರು ಸೆರಗಿನ ಗಂಟಿನಲ್ಲಿ ತಂದಿದ್ದ ಉಪ್ಪನ್ನು ಹಾಕಿ ಬಿಡಿಸಿದರು. ನಮ್ಮ ಚೀಲವನ್ನು ಒಬ್ಬ ಹುಡುಗಿ ಯಾವಾಗ ತೆಗೆದುಕೊಂಡಳೋ ನಮಗೆ ತಿಳಿಯಲಿಲ್ಲ. ತುದಿಯನ್ನು ಮುಟ್ಟಿದಾಗ ಮೂಡಲಲ್ಲಿ ಕೊಡಗಿನ ಕಾಡು ಅಲೆಯಲೆಯಾಗಿ ಹಬ್ಬಿತ್ತು. ರಾಜ್ಯದ ಗಡಿ ಎಲ್ಲಿ ಎಂದು ಹುಡುಗರು ಕಾವಲುಗಾರನನ್ನು ಕೇಳಿದರು. ಅವನು ಕೈ ಬೀಸಿ ಯಾವುದೋ ಒಂದು ದಿಕ್ಕನ್ನು ತೋರಿಸಿದ. ಅಲ್ಲಿ ಹುಲ್ಲಿನ ಹೊರತು ಬೇರೇನೂ ಕಾಣಿಸಲಿಲ್ಲ.

ಬಾಳೆಲೆಯಲ್ಲಿ ಕಟ್ಟಿ ತಂದ ಚಿತ್ರಾನ್ನ, ಮೊಸರವಲಕ್ಕಿ, ಪುನರ್ಪುಳಿಯ ಶರಬತ್ತು. ಉಣ್ಣುತ್ತಿರುವಾಗ ಒಂದು ವಿಚಾರ ಹೊಳೆಯಿತು. ಈ ತುತ್ತು ಬಾಯಿಗೆ ಬರುವ ಮೊದಲು ಎಷ್ಟು ಕೈಗಳನ್ನು ದಾಟಿ ಬಂದಿದೆ! ಮುಂಜಾನೆ ಮೂರು ಗಂಟೆಗೆ ಎದ್ದು ಒಲೆ ಹಚ್ಚಿದ ಹೆಂಗಸರು, ಹೊರೆ ಹೊತ್ತ ಹುಡುಗರು, ಮಳೆಗಾಲ ಮುಗಿದೊಡನೆ ಹುಲ್ಲು ಸವರಿ ದಾರಿ ಬಿಡಿಸಿದವರು. ಊರಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಹಣ ಕೊಟ್ಟರೆ ಎಲ್ಲವೂ ಬರುತ್ತದೆ, ಕೊಟ್ಟ ಮೇಲೆ ಕೇಳುವ ಅಗತ್ಯವಿಲ್ಲವೆಂದು ತೋರುತ್ತದೆ. ಬೆಟ್ಟದ ಮೇಲೆ ಅಂಗಡಿಯಿಲ್ಲ. ಅಲ್ಲಿ ದೊರೆತುದೆಲ್ಲ ಯಾರೋ ಹೊತ್ತು ತಂದದ್ದು.

'ಕೃತಜ್ಞ' ಎಂಬ ಶಬ್ದವನ್ನು ನಾವು ತರಗತಿಯಲ್ಲಿ ಎಷ್ಟು ಸಾರಿ ಬಿಡಿಸಿ ಹೇಳಿದ್ದೆವೋ ಲೆಕ್ಕವಿಲ್ಲ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನು ಕೃತಜ್ಞ. ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಈ ಶಬ್ದದೊಳಗೆ ತೀರಿಸುವುದು, ಹಿಂದಿರುಗಿಸುವುದು ಎಂಬ ಅರ್ಥವೇ ಇಲ್ಲ. ಬಲ್ಲವನಾಗಿರಬೇಕು, ಅಷ್ಟೆ. ಅಷ್ಟು ವರ್ಷ ವ್ಯಾಕರಣ ಕಲಿಸಿದ ನಮಗೆ ಇದು ಅಂದು ಆ ಹುಲ್ಲಿನ ಮೇಲೆ ಕುಳಿತಾಗ ಮೊದಲ ಬಾರಿ ಅರ್ಥದೊಂದಿಗೆ ಕೇಳಿಸಿತು.

ಊಟ ಮುಗಿಯುವಷ್ಟರಲ್ಲಿ ಪಡುವಣದಲ್ಲಿ ಗುಡುಗು ಆರಂಭವಾಯಿತು. ತುಲಾ ಮಾಸದ ಮಧ್ಯಾಹ್ನದ ಮಳೆ ಕಾಸರಗೋಡಿನವರಿಗೆ ಹೊಸತಲ್ಲ. ಆದರೆ ಬೋಳು ಬೆಟ್ಟದ ಮೇಲೆ ಸಿಡಿಲಿಗೆ ಮನುಷ್ಯನೇ ಎತ್ತರದ ಮರ. ಕಾವಲುಗಾರ ಎಲ್ಲರನ್ನೂ ಅವಸರದಿಂದ ಎಬ್ಬಿಸಿದ. ಕಾಡಿನ ಅಂಚನ್ನು ಸೇರುವ ಮೊದಲೇ ಮಳೆ ಹೊಡೆಯಿತು. ಕೆಂಪು ಮಣ್ಣಿನ ದಾರಿ ಎಣ್ಣೆ ಸವರಿದಂತೆ ಜಾರತೊಡಗಿತು. ಒಂದು ಬಂಡೆಯ ಇಳಿಜಾರಿನಲ್ಲಿ ನಮ್ಮ ಎಡಮೊಣಕಾಲು ಕೈಕೊಟ್ಟಿತು. ಹುಡುಗರು ಮಕ್ಕಳನ್ನು ಇಳಿಸುವುದರಲ್ಲಿ ತೊಡಗಿದ್ದರು. ಕೆಳಗಿನಿಂದ ಒಂದು ಬಿದಿರಿನ ಕೋಲು ಮೇಲಕ್ಕೆ ಚಾಚಿತು. "ಹಿಡಿಯಿರಿ ಮಾಷ್ಟ್ರೇ" ಎಂಬ ದನಿ ಗಣಿತದ ಮಾಸ್ತರರದು. ಎಪ್ಪತ್ತನಾಲ್ಕು ವರ್ಷದವರು, ಸ್ವತಃ ಆ ಕೋಲನ್ನು ಊರಿಕೊಂಡು ನಡೆಯುತ್ತಿದ್ದವರು.

ನಮ್ಮ ನಾಲಗೆಯ ತುದಿಗೆ ಬಂದ ಮಾತು "ಬೇಡ, ನಾವೇ ಇಳಿಯುತ್ತೇವೆ" ಎಂಬುದು. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ಕಾಲಿಗೆ ಆ ಬಿಗುಮಾನವಿರಲಿಲ್ಲ. ಕೋಲಿನ ಒಂದು ತುದಿಯನ್ನು ನಾವು ಹಿಡಿದೆವು, ಇನ್ನೊಂದನ್ನು ಅವರು. ಹತ್ತು ಹೆಜ್ಜೆ ಇಳಿದ ಮೇಲೆ ಅವರ ಕಾಲು ಜಾರಿತು. ಆಗ ನಾವು ಕೋಲನ್ನು ಬಿಗಿಯಾಗಿ ಹಿಡಿದು ನಿಂತೆವು, ಅವರು ಸಾವರಿಸಿಕೊಂಡರು. ಮತ್ತೆ ನಾವು ಜಾರಿದೆವು. ಕಾಡಿನ ಬುಡ ಮುಟ್ಟುವವರೆಗೆ ಯಾರು ಯಾರನ್ನು ಎಷ್ಟು ಸಲ ಹಿಡಿದರೆಂದು ಎಣಿಸಲು ಸಾಧ್ಯವಿರಲಿಲ್ಲ. ಒಬ್ಬರು ಬಿದ್ದಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಮಾತು ಮಾತ್ರ ಒಂದೇ ಒಂದು ನಡೆಯಿತು. ನಡುವೆ ನಾವು ಹಳೆಯದನ್ನೇನೋ ಹೇಳಲು ತೊಡಗಿದಾಗ ಅವರು, "ಮೊದಲು ಇಳಿಯುವ ಮಾಷ್ಟ್ರೇ, ಮತ್ತೆ ಮಾತಾಡುವ" ಎಂದರು.

ಬುಡದ ಚಹಾದಂಗಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕುಳಿತು ಮಾತನಾಡಿದೆವು. "ಬಡ್ಡಿ ಕಟ್ಟಿ ಕೊಟ್ಟದ್ದು ನಮ್ಮಿಂದ ತಪ್ಪಾಯಿತು" ಎಂದೆವು. ಅವರು ಬಹಳ ಹೊತ್ತು ಚಹಾವನ್ನೇ ನೋಡುತ್ತಿದ್ದರು. "ಆ ನೂರನಾಲ್ವತ್ತು ರೂಪಾಯಿಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕಂಪಾಸು ಪೆಟ್ಟಿಗೆ ತೆಗೆದುಕೊಟ್ಟೆ. ಮನೆಗೆ ಕೊಂಡುಹೋಗಲು ಮನಸ್ಸು ಬರಲಿಲ್ಲ" ಎಂದರು. ಆಮೇಲೆ ತಾವಾಗಿಯೇ, "ಎರಡು ಸಾವಿರ ವಾಪಸು ಬಂದದ್ದು ಒಳ್ಳೆಯದೇ ಆಯಿತು. ಅದು ತಂಗಿಯ ಮದುವೆಗೆಂದು ಇಟ್ಟಿದ್ದ ಹಣ. ಅಮ್ಮನಿಗೆ ತಿಳಿಸದೆ ತಂದಿದ್ದೆ" ಎಂದರು.

ನಮಗೆ ಇದು ತಿಳಿದಿರಲಿಲ್ಲ. ತಿಳಿಯದಿದ್ದುದಕ್ಕೆ ಕಾರಣ ಅವರು ಮುಚ್ಚಿಟ್ಟದ್ದಲ್ಲ. ನಾವು ಕೇಳದೆ ಇದ್ದದ್ದು. ನಮ್ಮಷ್ಟೇ ಸಂಬಳದ ಒಬ್ಬ ಅಧ್ಯಾಪಕರ ಕೈಗೆ ಅಷ್ಟು ಹಣ ಒಮ್ಮೆಲೇ ಎಲ್ಲಿಂದ ಬಂತೆಂಬ ಪ್ರಶ್ನೆ ಏಳು ತಿಂಗಳಲ್ಲಿ ಒಂದು ದಿನವೂ ನಮಗೆ ಹುಟ್ಟಲಿಲ್ಲ. ನಮ್ಮ ಗಮನವೆಲ್ಲ ಮೊತ್ತದ ಮೇಲೆ, ದರದ ಮೇಲೆ, ನಾವು ಬಾಕಿದಾರರೆಂಬ ಮುಜುಗರದ ಮೇಲೆ. ಅವರು ಏನು ಮಾಡಿದರೆಂಬುದನ್ನು ತಿಳಿಯದೆಯೇ ನಾವು ತೀರಿಸಿಬಿಟ್ಟೆವು. ವ್ಯಾಕರಣದ ಪ್ರಕಾರ ನಾವು ಕೃತಜ್ಞರಾಗಿರಲೇ ಇಲ್ಲ.

ಮನೆಗೆ ಬಂದ ಮೇಲೆ ಕೆಲವು ಹಳೆಯ ಪುಸ್ತಕಗಳನ್ನು ಮತ್ತೆ ತಿರುವಿದೆವು. ರೋಮಿನ ತತ್ತ್ವಜ್ಞಾನಿ ಸೆನೆಕನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಉಪಕಾರಗಳ ಕುರಿತೇ ಒಂದು ಗ್ರಂಥವನ್ನು ಬರೆದಿದ್ದಾನೆ. ಉಪಕಾರವನ್ನು ತೀರಿಸಲು ಅತಿಯಾದ ಆತುರ ತೋರುವವನು ಒಲ್ಲದ ಮನಸ್ಸಿನಿಂದ ಋಣಿಯಾಗಿರುವವನು. ಅಂಥವನನ್ನು ಉಪಕಾರ ಬಲ್ಲವನೆನ್ನಲಾಗದು ಎಂಬುದು ಅವನ ಅಭಿಪ್ರಾಯ. ಹಾಗಿದ್ದರೆ ಎಂದೆಂದಿಗೂ ಋಣಿಯಾಗಿಯೇ ಉಳಿಯುವುದು ಒಳ್ಳೆಯದೆ? ಇದಕ್ಕೆ ಎದುರಾಗಿ ಕರ್ಣನು ನಿಲ್ಲುತ್ತಾನೆ. ದುರ್ಯೋಧನನು ಕೊಟ್ಟ ಅಂಗರಾಜ್ಯದ ಋಣವನ್ನು ಅವನು ಒಂದು ಕ್ಷಣವೂ ಮರೆಯಲಿಲ್ಲ. ಆ ನಿಷ್ಠೆಗೆ ನಾವೆಲ್ಲ ತಲೆದೂಗುತ್ತೇವೆ. ಆದರೆ ದ್ಯೂತಸಭೆಯಲ್ಲಿ ದ್ರೌಪದಿಗೆ ಅನ್ಯಾಯವಾದಾಗ ಕೌರವರ ಒಡಹುಟ್ಟಿದ ವಿಕರ್ಣನು ಎದ್ದು ನ್ಯಾಯದ ಮಾತನ್ನಾಡಿದರೆ, ಕರ್ಣನು ಅವನನ್ನೇ ಗದರಿಸಿದನು. ಗೆಳೆಯನಿಗೆ ತಪ್ಪನ್ನು ತೋರಿಸುವ ಸ್ವಾತಂತ್ರ್ಯ ಋಣಿಗೆ ಇರಲಿಲ್ಲ. ಸ್ನೇಹವು ಋಣವಾಗಿ ಹೆಪ್ಪುಗಟ್ಟಿದರೆ ಅದು ನಾಲಗೆಯನ್ನು ಕಟ್ಟುತ್ತದೆ. ಆತುರದಿಂದ ತೀರಿಸಿದ ನಾವೂ, ತೀರಿಸಲಾರದೆ ತತ್ತರಿಸಿದ ಕರ್ಣನೂ ಮಾಡಿದ ತಪ್ಪು ಒಂದೇ ಎಂದು ತೋರುತ್ತದೆ: ಗೆಳೆಯನ ಕೊಡುಗೆಯನ್ನು ಸಾಲವೆಂದು ಬರೆದುಕೊಂಡದ್ದು.

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾಮನು ಹನುಮಂತನನ್ನು ಬೀಳ್ಕೊಡುವ ಸಂದರ್ಭವೊಂದಿದೆ. ನೀನು ಮಾಡಿದ ಉಪಕಾರ ನನ್ನಲ್ಲಿಯೇ ಅರಗಿಹೋಗಲಿ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಮೊದಲ ಸಲ ಓದಿದಾಗ ಇದೇನು ಕಠಿಣ ಮಾತೆನ್ನಿಸುತ್ತದೆ. ಕಾರಣವನ್ನು ಅವನೇ ಹೇಳುತ್ತಾನೆ: ಪ್ರತ್ಯುಪಕಾರ ಮಾಡಬೇಕೆಂದು ಬಯಸುವವನು, ಉಪಕಾರ ಮಾಡಿದವನಿಗೆ ಕಷ್ಟ ಬರಲೆಂದು ಬಯಸಿದಂತೆ. ಹನುಮಂತನ ಸೇವೆಗೆ ಸರಿಸಮನಾದುದನ್ನು ಹಿಂದಿರುಗಿಸಬೇಕಾದರೆ ಹನುಮಂತನು ಅಂಥದೇ ಸಂಕಟದಲ್ಲಿ ಸಿಲುಕಬೇಕು. ಅದು ಬೇಡ, ತೀರದೆ ಇರಲಿ, ಒಳಗೇ ಇರಲಿ. ಅರಗುವುದೆಂದರೆ ಮರೆಯುವುದಲ್ಲ. ಉಂಡ ಅನ್ನ ಅರಗಿದರೆ ಅದು ಮೈಯ ಬಲವಾಗುತ್ತದೆ. ಅರಗದಿದ್ದರೆ ಹೊಟ್ಟೆಯನ್ನು ನೋಯಿಸುತ್ತದೆ. ಆ ಎರಡು ಸಾವಿರ ರೂಪಾಯಿ ನಮ್ಮಲ್ಲಿ ಅರಗಿರಲಿಲ್ಲ.

ಹಣವನ್ನು ಹಿಂದಿರುಗಿಸಲೇ ಬಾರದೆಂದು ಇದರ ಅರ್ಥವಲ್ಲ. ಕೊಟ್ಟ ಸಾಲವನ್ನು ಕೇಳಿದರೆ ಮುಖ ತಿರುಗಿಸುವವರಿಗೆ ಈ ಬರಹ ಆಸರೆಯಾಗದಿರಲಿ. ತಂಗಿಯ ಮದುವೆಯ ಹಣ ಅವರಿಗೆ ಸೇರಲೇಬೇಕಾಗಿತ್ತು. ಆದರೆ ಹಣ ಹಿಂದಿರುಗಿದೊಡನೆ ಉಪಕಾರವೂ ತೀರಿತೆಂದು ತಿಳಿದದ್ದು ತಪ್ಪು. ಶನಿವಾರದ ಬಸ್ಸಿನ ಎರಡು ಪ್ರಯಾಣ, ತಾಯಿಗೆ ಹೇಳದೆ ಪಟ್ಟ ಆತಂಕ, ನಮ್ಮ ತರಗತಿಗೆ ಅವರು ತೆತ್ತ ತಿಂಗಳುಗಳು, ಇವುಗಳಿಗೆ ಶೇಕಡಾ ಎಷ್ಟು ಬಡ್ಡಿ? ಅವನ್ನು ಹಿಂದಿರುಗಿಸಲಾಗದು, ಬಲ್ಲವರಾಗಿರಬಹುದು. ಬಲ್ಲವರಾಗಬೇಕಾದರೆ ಕೇಳಬೇಕು, ಕೇಳಬೇಕಾದರೆ ಕಾಫಿಯ ಹೊತ್ತಿಗೆ ಜಗಲಿಯಲ್ಲಿ ಇಬ್ಬರೂ ಇರಬೇಕು. ಸ್ನೇಹವಿಲ್ಲದೆ ಕೃತಜ್ಞತೆಯೂ ಪೂರ್ಣವಾಗುವುದಿಲ್ಲವೆಂದು ನಮಗೆ ತೋರುವುದು ಇದೇ ಕಾರಣದಿಂದ.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಮಾತು ಇನ್ನೊಂದು ಬಗೆಯಲ್ಲಿಯೂ ಅನ್ವಯಿಸುತ್ತದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆಯೂ ನಮ್ಮ ಮಕ್ಕಳು ಕನ್ನಡದಲ್ಲಿ ಅಕ್ಷರ ಕಲಿಯುತ್ತಿರುವುದು ಎಷ್ಟೋ ಮಂದಿ ಹೊತ್ತು ತಂದುದರ ಫಲ. ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಹೊಳೆ ದಾಟಿ ಬಂದು ಪಾಠ ಹೇಳಿದವರು, ನೆರೆಯ ತರಗತಿಯಲ್ಲಿ ಮಲಯಾಳ ಕಲಿಸುತ್ತಾ ನಮ್ಮ ಮಕ್ಕಳನ್ನೂ ತಮ್ಮವರೆಂದೇ ಕಂಡ ಅಧ್ಯಾಪಕರು. ಅವರಲ್ಲಿ ಹಲವರು ಈಗಿಲ್ಲ. ಅವರಿಗೆ ಹಿಂದಿರುಗಿಸುವ ದಾರಿಯೂ ಇಲ್ಲ. ಆದರೆ ಯಾರು ಏನು ಮಾಡಿದರೆಂದು ಕೇಳಿ ತಿಳಿದುಕೊಳ್ಳುವ ಅವಕಾಶ ಇನ್ನೂ ಸ್ವಲ್ಪ ಉಳಿದಿದೆ. ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಈ ಸಮ್ಮೇಳನಕ್ಕೆ ಬಂದ ತರುಣರು ಊಟದ ಬಿಡುವಿನಲ್ಲಿ ಒಬ್ಬ ಹಿರಿಯರ ಪಕ್ಕದಲ್ಲಿ ಕುಳಿತು, ನಿಮ್ಮ ಕಾಲದಲ್ಲಿ ನಿಮಗೆ ಕೈಕೊಟ್ಟವರು ಯಾರೆಂದು ಕೇಳಿದರೆ, ವಂದನಾರ್ಪಣೆಯ ಕಾರ್ಯಕ್ರಮಕ್ಕಿಂತ ಅದು ಮಿಗಿಲಾದ ವಂದನೆಯಾದೀತು.

ಗಣಿತದ ಮಾಸ್ತರರು ಈಗ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಬಸ್ಸಿನಿಂದ ಇಳಿದು ಗುಡ್ಡೆ ಹತ್ತಲು ಅವರಿಗೆ ಹೊತ್ತು ಹಿಡಿಯುತ್ತದೆ. ನಾವು ಅರ್ಧ ದಾರಿಗೆ ಹೋಗಿ ನಿಲ್ಲುತ್ತೇವೆ. ಕಾಫಿಯನ್ನು ಸೊಸೆ ಮಾಡುತ್ತಾಳೆ. ಹಳೆಯ ಮೇಳಗಳ ಅರ್ಥಗಾರಿಕೆಯ ವಿಷಯದಲ್ಲಿ ನಮಗಿಬ್ಬರಿಗೂ ಆಗಲೂ ಒಮ್ಮತವಿರಲಿಲ್ಲ, ಈಗಲೂ ಇಲ್ಲ. ಕಳೆದ ತಿಂಗಳು ಅವರು ಒಂದು ಸ್ಟೀಲಿನ ಡಬ್ಬಿಯಲ್ಲಿ ಮಾವಿನ ಮಿಡಿಯ ಉಪ್ಪಿನಕಾಯಿ ತಂದಿದ್ದರು. ಡಬ್ಬಿ ಇನ್ನೂ ನಮ್ಮಲ್ಲಿಯೇ ಇದೆ. ಏನು ತುಂಬಿಸಿ ಕೊಡಬೇಕೆಂದು ಸೊಸೆ ಕೇಳಿದಳು. ಅವಸರವಿಲ್ಲ ಎಂದೆವು.